ಅಕ್ಕ ಓದಿಸಿದ ನರ್ಸ್ ಕಾದಂಬರಿಗಳು

ಹೆಂಗಸರ ಮೂಳೆ ವಾರ್ಡಿನಲ್ಲಿ ಎಲ್ಲರೂ ಅವಳನ್ನು ದೊಡ್ಡ ಸಿಸ್ಟರ್ ಎನ್ನುತ್ತಿದ್ದರು. ಮೂವತ್ತೇಳು ವರ್ಷದ ಸರ್ವೀಸು, ನಿವೃತ್ತಿಗೆ ಇನ್ನು ಏಳು ತಿಂಗಳು. ಎರಡು ಮಂಡಿಗಳು ಮಾತ್ರ ಅಷ್ಟು ಕಾಯದೆ ಆಗಲೇ ನಿವೃತ್ತಿ ತೆಗೆದುಕೊಂಡಿದ್ದವು. ಅಂದು ಬೆಳಗಿನ ರೌಂಡ್ಸ್ ಮುಗಿಸಿ ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ಫೋನು ಬಂತು. ಅವಳ ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದಿದ್ದಳು.

ಅಕ್ಕನಿಗೆ ಅರವತ್ತಾರು. ಮದುವೆಯಾದವಳಲ್ಲ. ನಲವತ್ತು ವರ್ಷ ಒಂದೇ ಕಿಟಕಿಯ ಪಕ್ಕ ಕೂತು ಬೀದಿಯವರ ಅಂಗಿ, ಪರದೆ, ಶಾಲೆಯ ಸಮವಸ್ತ್ರ ಹೊಲಿದವಳು. ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಮಾಡಿ ತಂಗಿಯ ವಾರ್ಡಿನಲ್ಲೇ ಏಳನೇ ಹಾಸಿಗೆ ಕೊಟ್ಟರು. ಮೂರನೇ ದಿನ ನೋವು ತುಸು ಇಳಿಯುತ್ತಲೇ ಅವಳು ಕೇಳಿದ್ದು ತನ್ನ ಬಟ್ಟೆಚೀಲವನ್ನು. ಅದರಲ್ಲಿ ಬಟ್ಟೆ ಒಂದೇ ಜೊತೆ, ಮಿಕ್ಕಿದ್ದೆಲ್ಲ ಹಳೇ ಕಾದಂಬರಿಗಳು. ಪ್ರತಿಯೊಂದರ ರಕ್ಷಾಪುಟದಲ್ಲೂ ಬಿಳಿ ಟೋಪಿಯ ನರ್ಸು. ಅವಳ ಹೆಗಲ ಹಿಂದೆ, ಕೊರಳಿಗೆ ಸ್ಟೆತಾಸ್ಕೋಪು ನೇತುಹಾಕಿಕೊಂಡು ಎಲ್ಲೋ ದೂರ ನೋಡುವ ಡಾಕ್ಟರು.

“ಇವನ್ನ ಇನ್ನೂ ಇಟ್ಕೊಂಡಿದ್ದೀಯಾ?”

“ಕನ್ನಡಕ ಹಾಕಿದ್ರೂ ಅಕ್ಷರ ಓಡಾಡುತ್ತೆ ಕಣೇ. ಬಿಡುವಾದಾಗ ಎರಡು ಪುಟ ಓದು.”

ಬಿಡುವು ಎಂಬ ಮಾತು ಕೇಳಿದರೇ ಸಿಸ್ಟರ್‌ಗೆ ನಗು ಬರುತ್ತಿತ್ತು. ಆದರೂ ಊಟದ ಹೊತ್ತಿನಲ್ಲಿ ಸ್ಟೂಲು ಎಳೆದುಕೊಂಡು ಕೂತಳು. ಅವಳನ್ನು ನರ್ಸ್ ಮಾಡಿದ್ದೇ ಈ ಪುಸ್ತಕಗಳು. ಅವಳಿಗೆ ಹದಿನೈದಿದ್ದಾಗ ಅಕ್ಕ ಇವನ್ನು ಬಾಡಿಗೆ ಪುಸ್ತಕದಂಗಡಿಯಿಂದ ತಂದು, ಒಳ್ಳೆಯ ಘಟ್ಟ ಬಂದಾಗ ಹೊಲಿಗೆಯಂತ್ರ ನಿಲ್ಲಿಸಿ ಗಟ್ಟಿಯಾಗಿ ಓದುತ್ತಿದ್ದಳು. ಅಂಗಡಿ ಮುಚ್ಚಿದಾಗ ಹೇಳಿದ ಬೆಲೆ ಕೊಟ್ಟು ಕೊಂಡುಕೊಂಡಳು. ಅಪ್ಪ ತಂಗಿಯನ್ನು ಟೈಪಿಂಗಿಗೆ ಸೇರಿಸಬೇಕೆಂದಿದ್ದ. ಅಕ್ಕ ಅಪ್ಪನ ಜೊತೆ ಜಗಳವಾಡಿ, ನರ್ಸಿಂಗ್ ಶಾಲೆಯ ಅರ್ಜಿ ತಾನೇ ತುಂಬಿದ್ದಳು.

ಈಗ ಓದುತ್ತಾ ಹೋದರೆ ಎಲ್ಲವೂ ಬೇರೆಯಾಗಿ ಕಾಣುತ್ತಿತ್ತು. ಕಾದಂಬರಿಯ ನರ್ಸಿಗೆ ಕಾಲು ನೋಯುವುದೇ ಇಲ್ಲ. ಇನ್ನೂರು ಪುಟದಲ್ಲಿ ಒಬ್ಬ ರೋಗಿಯೂ ವಾಂತಿ ಮಾಡುವುದಿಲ್ಲ. ಡ್ಯೂಟಿ ಪಟ್ಟಿಗಾಗಿ ಯಾರೂ ಮುಖ ಊದಿಸಿಕೊಳ್ಳುವುದಿಲ್ಲ. ಡಾಕ್ಟರಂತೂ ಎಂಟನೇ ಅಧ್ಯಾಯದವರೆಗೆ ಸಿಡುಕುತ್ತಾನೆ, ಒಂಬತ್ತರಲ್ಲಿ ಅವಳ ಕಣ್ಣೀರು ನೋಡಿ ಕರಗುತ್ತಾನೆ.

“ಡಾಕ್ಟರು ಬೈದಿದ್ದನ್ನೆಲ್ಲ ಪ್ರೀತಿ ಅಂದ್ಕೊಂಡಿದ್ರೆ ನನಗೆ ಇಷ್ಟೊತ್ತಿಗೆ ಹನ್ನೆರಡು ಮದುವೆ ಆಗಿರ್ತಿತ್ತು,” ಎಂದಳು ಸಿಸ್ಟರ್. ಅಕ್ಕಪಕ್ಕದ ಹಾಸಿಗೆಯವರು ಗಾಯದ ಹೊಲಿಗೆ ಎಳೆಯುವಷ್ಟು ನಕ್ಕರು. ಆದರೂ ಮಾರನೆಯ ದಿನ ಅವಳು ಪುಸ್ತಕ ತೆಗೆದಾಗ ಅವರೇ ಊಟದ ತಟ್ಟೆಗಳನ್ನು ಸದ್ದಾಗದಂತೆ ಸರಿಸಿದರು. ಓದುತ್ತಿದ್ದ ಅರ್ಧ ಗಂಟೆ ಅವಳಿಗೂ ಮಂಡಿಯ ನೆನಪಿರುತ್ತಿರಲಿಲ್ಲ. ಅದು ಅವಳಿಗೆ ಹಿಡಿಸದ ಸತ್ಯ.

ಐದನೆಯ ದಿನ ಮೂಳೆ ಡಾಕ್ಟರು ಬಂದು ಅಕ್ಕನ ಕಾಲು ಮಡಿಸಿ ನೋಡಿ, ಆಕಳಿಸಿ, ಹೋದರು. ಬೋಳುತಲೆ, ಸುಕ್ಕುಗಟ್ಟಿದ ಅಂಗಿ.

“ನೀನು ಬರೆದಿದ್ದ ಡಾಕ್ಟರು ಇವರಲ್ಲ ತಾನೆ?” ಅಕ್ಕ ಕೇಳಿದಳು.

ಸಿಸ್ಟರ್ ಕೈಯಲ್ಲಿದ್ದ ಚಾರ್ಟು ಹಾಗೇ ನಿಂತಿತು. ತರಬೇತಿಯ ಎರಡು ವರ್ಷ ಅವಳು ಹಾಸ್ಟೆಲಿನಿಂದ ಅಕ್ಕನಿಗೆ ಪತ್ರ ಬರೆಯುತ್ತಿದ್ದಳು. ಪ್ರತಿ ಪತ್ರದಲ್ಲೂ ಒಬ್ಬ ಡಾಕ್ಟರು. ಮೊದಲು ಸಿಡುಕಿದರು, ಆಮೇಲೆ ಹೂ ಕಳಿಸಿದರು, ಕೊನೆಗೆ ಕರ್ತವ್ಯದ ಕರೆಗೆ ಓಗೊಟ್ಟು ಹಡಗು ಹತ್ತಿದರು. ಅವಳು ಮದುವೆಯಾದದ್ದು ವಿದ್ಯುತ್ ಇಲಾಖೆಯ ಲೈನ್‌ಮನ್‌ನನ್ನು. ಒಳ್ಳೆಯವನು, ಗೊರಕೆಯೊಂದು ಬಿಟ್ಟರೆ.

“ಅಕ್ಕಾ, ಅದೆಲ್ಲ ಸುಳ್ಳು. ಅಂಥೋರು ಯಾರೂ ಇರ್ಲಿಲ್ಲ.”

“ಗೊತ್ತು.”

“ಗೊತ್ತಾ? ಯಾವಾಗಿಂದ?”

“ಮೂರನೇ ಪತ್ರದಲ್ಲಿ ಡಾಕ್ಟರು ಕುದುರೆ ಮೇಲೆ ಬಂದ್ರು ಅಂತ ಬರೆದಿದ್ದೆ. ಬಸ್ ಸ್ಟಾಪಿನ ಪಕ್ಕದ ಆಸ್ಪತ್ರೆಗೆ ಕುದುರೆ ಯಾಕೆ ಬರುತ್ತೆ? ಆ ಕುದುರೆ ಬರೋ ಪುಸ್ತಕ ನಿನಗೆ ಓದಿ ಹೇಳಿದೋಳೇ ನಾನು.”

“ಮತ್ತೆ ಯಾಕೆ ಸುಮ್ನಿದ್ದೆ?”

ಅಕ್ಕ ಹೊದಿಕೆಯ ಅಂಚು ತಿರುವಿ ಅದರ ಹೊಲಿಗೆ ನೋಡಿದಳು. “ಸುಳ್ಳು ಬರೀತಿದ್ದಾಳೆ ಅಂದ್ರೆ ಅಲ್ಲಿ ಇವಳಿಗೆ ಸರಿಹೋಗ್ತಿಲ್ಲ ಅಂತ ಅರ್ಥ ಆಯ್ತು. ಹಟ ಮಾಡಿ ಕಳಿಸಿದೋಳು ನಾನು. ಬಂದ್ಬಿಡು ಅಂತ ಬರೆಯೋಕೆ ನನಗೆ ಬಾಯಿರಲಿಲ್ಲ.”

ಸಿಸ್ಟರ್ ಔಷಧದ ಗಾಡಿ ತಳ್ಳಿಕೊಂಡು ಹೋದಳು. ಹತ್ತೊಂಬತ್ತನೇ ವಯಸ್ಸಿನಲ್ಲಿ, ಬಕೆಟ್ ತೊಳೆಯುವ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಅತ್ತ ದಿನಗಳಲ್ಲಿ, ‘ಬಾ’ ಎಂಬ ಒಂದಕ್ಷರ ಬಂದಿದ್ದರೆ ಮೊದಲ ಬಸ್ಸು ಹಿಡಿಯುತ್ತಿದ್ದಳು. ಎರಡು ದಿನ ಅವಳು ಏಳನೇ ಹಾಸಿಗೆಯ ಬಳಿ ಕೆಲಸಕ್ಕೆ ಬೇಕಾದಷ್ಟೇ ಹೊತ್ತು ನಿಂತಳು. ಪುಸ್ತಕ ತೆರೆಯಲಿಲ್ಲ. ಕೋಪ ಮಾಡಿಕೊಳ್ಳಲೂ ತ್ರಾಣ ಬೇಕು. ಎರಡನೆಯ ದಿನದ ಹೊತ್ತಿಗೆ ಅದೂ ಮುಗಿದಿತ್ತು.

ಮಾರನೆಯ ದಿನ ಮಧ್ಯಾಹ್ನ ಅಕ್ಕನಿಗೆ ಹೊಟ್ಟೆ ಕೆಟ್ಟಿತು. ಕರೆಗಂಟೆ ಒತ್ತಿದಳು. ಆಯಾ ಎಕ್ಸ್‌ರೇ ಕೋಣೆಗೆ ಹೋಗಿದ್ದಳು. ಸಿಸ್ಟರ್ ಬೆಡ್‌ಪ್ಯಾನ್ ತರುವಷ್ಟರಲ್ಲಿ ಹಾಸಿಗೆ ಹೊಲಸಾಗಿತ್ತು. ಅಕ್ಕ ಗೋಡೆಯತ್ತ ಮುಖ ತಿರುಗಿಸಿದಳು.

“ನೀನು ಬೇಡ. ಬೇರೆ ಯಾರನ್ನಾದ್ರೂ ಕಳಿಸು.”

“ಬೇರೆ ಯಾರೂ ಇಲ್ಲ. ಇದ್ರೂ ಕಳಿಸಲ್ಲ. ನನ್ನ ಹೆಗಲು ಹಿಡ್ಕೋ.”

ಪರದೆ ಎಳೆದು, ಬಿಸಿನೀರು ತಂದು, ಅಕ್ಕನನ್ನು ಒಂದು ಮಗ್ಗುಲಿಗೆ ಹೊರಳಿಸಿ, ಒರೆಸಿ, ಹಾಸುಬಟ್ಟೆ ಸುರುಳಿ ಸುತ್ತಿ ಅದರ ಜೊತೆಜೊತೆಗೇ ಹೊಸದನ್ನು ಬಿಡಿಸಿದಳು. ಗಾಯಕ್ಕೆ ನೀರು ತಾಗಲಿಲ್ಲ. ಅಕ್ಕನಿಗೆ ಎಲ್ಲೂ ನೋವಾಗಲಿಲ್ಲ. ಎಲ್ಲ ಸೇರಿ ಆರೇಳು ನಿಮಿಷ.

ಅಕ್ಕ ಅಳುತ್ತಿದ್ದಳು. “ಇದನ್ನ ದಿನಾ ಮಾಡ್ತೀಯಾ?”

“ಇವತ್ತು ನೀನು ನಾಲ್ಕನೆಯವಳು.”

“ಒಂದು ಪುಸ್ತಕದಲ್ಲೂ ಬರೆದಿರಲಿಲ್ಲ ಕಣೇ.”

“ಬರೆದಿದ್ರೆ ನೀನು ಬಾಡಿಗೆ ಕೊಟ್ಟು ತರ್ತಿದ್ಯಾ?”

ಅಕ್ಕ ಅಳುವಿನ ನಡುವೆಯೇ ನಕ್ಕಳು. ಆಮೇಲೆ ಮೂಗೊರೆಸಿಕೊಂಡು, “ಆಗ ನಾನು ನಿನ್ನ ವಾಪಸ್ಸು ಕರೀಬೇಕಿತ್ತಾ?” ಎಂದು ಕೇಳಿದಳು.

ಸಿಸ್ಟರ್ ಸ್ಟೂಲಿನ ಮೇಲೆ ಕೂತು ಬೂಟು ಕಳಚಿದಳು. “ಮೊದಲ ವರ್ಷ ಕರೆದಿದ್ರೆ ಓಡಿ ಬರ್ತಿದ್ದೆ. ಎರಡನೇ ವರ್ಷ ಒಬ್ಬ ಮುದುಕಿ ಇದ್ಳು. ಬೆನ್ನು ತುಂಬ ಹುಣ್ಣು. ಮೂರು ತಿಂಗಳು ದಿನಾ ತೊಳೆದೆ, ಮಾಯಿತು. ಅವಳೇನೂ ಥ್ಯಾಂಕ್ಸ್ ಹೇಳಲಿಲ್ಲ, ನನ್ನ ಕೈ ತಣ್ಣಗಿದೆ ಅಂತ ಹೋಗೋವರೆಗೂ ಬೈತಿದ್ಳು. ಆದ್ರೆ ಹುಣ್ಣು ಮಾಯಿತಲ್ಲ, ಅದಾದ ಮೇಲೆ ಕರೆದಿದ್ರೂ ಬರ್ತಿರ್ಲಿಲ್ಲ.”

“ಇದನ್ನ ಯಾಕೆ ಬರೀಲಿಲ್ಲ?”

“ಇದೂ ಬರೆಯೋ ವಿಷಯ ಅಂತ ಗೊತ್ತಿರಲಿಲ್ಲ.”

ಹದಿನಾರನೆಯ ದಿನ ಅಕ್ಕ ವಾಕರ್ ಹಿಡಿದು ವಾರ್ಡಿನ ಬಾಗಿಲವರೆಗೆ ನಡೆದಳು. ಕಿಟಕಿ ಪಕ್ಕದ ಒಂಟಿ ಮನೆಗೆ ಕಳಿಸದೆ ಸಿಸ್ಟರ್ ತನ್ನ ಕ್ವಾರ್ಟರ್ಸಿಗೇ ಕರೆತಂದಳು. ಲೈನ್‌ಮನ್ ಗಂಡ ಹೊಲಿಗೆಯಂತ್ರ ಹೊತ್ತು ತಂದು ಹಜಾರದಲ್ಲಿಟ್ಟ. ಬಚ್ಚಲ ಗೋಡೆಗೆ ಹಿಡಿಕೆಯನ್ನೂ ಜಡಿದ. ಸಂಜೆ ಸಿಸ್ಟರ್ ಮನೆಗೆ ಬಂದಾಗ ಅಕ್ಕ ಯಂತ್ರದ ಚಕ್ರ ನಿಲ್ಲಿಸಿ ಇವತ್ತು ಏನಾಯಿತೆಂದು ಕೇಳುತ್ತಿದ್ದಳು. ಸಿಸ್ಟರ್ ಇದ್ದದ್ದನ್ನೇ ಹೇಳುತ್ತಿದ್ದಳು. ಇಂಥ ಹೊಸ ನರ್ಸ್ ಹುಡುಗಿಗೆ ಸಿರಿಂಜು ಹಿಡಿಯಲು ಬರುವುದಿಲ್ಲ, ಇಂಥವಳು ಮೊದಲ ಹೆಜ್ಜೆ ಇಟ್ಟಳು, ಇಂಥವರು ಹೋಗಿಬಿಟ್ಟರು. ಕೆಲವು ಸಂಜೆ ಅಷ್ಟು ಹೇಳಲೂ ಆಗುತ್ತಿರಲಿಲ್ಲ. ಆಗ ಅಕ್ಕ ಏನೂ ಕೇಳದೆ, ಬಕೆಟ್ಟಿಗೆ ಬಿಸಿನೀರು ತುಂಬಿಸಿಡಲು ಲೈನ್‌ಮನ್‌ಗೆ ಕಣ್ಸನ್ನೆ ಮಾಡುತ್ತಿದ್ದಳು. ಸಿಸ್ಟರ್ ಅದರಲ್ಲಿ ಪಾದ ಇಳಿಬಿಟ್ಟುಕೊಂಡು, ಕೂತಲ್ಲೇ ತೂಕಡಿಸುತ್ತಿದ್ದಳು.