ನಿಲ್ಲದ ಗಡಿಯಾರ

ಹನ್ನೊಂದು ವರ್ಷದ ಹುಡುಗಿ ಅಪ್ಪನ ಎಡಗೈ ಹಿಡಿದು ಕೋರ್ಟಿನ ಮೆಟ್ಟಿಲಿಳಿಯುತ್ತಾ ಕೊಟ್ಟ ಮಾತು ಅದು: "ನಾನು ದೊಡ್ಡೋಳಾಗಿ ಲಾಯರಾಗ್ತೀನಪ್ಪ. ನನ್ನ ಕಡೆಯೋರು ಯಾರೂ 'ಪರವಾಗಿಲ್ಲ' ಅಂದು ಸೋಲೋಕೆ ಬಿಡಲ್ಲ."

ಎಡಗೈ ಯಾಕೆಂದರೆ, ಬಲಗೈಯ ಬೆರಳುಗಳನ್ನು ಪ್ರೆಸ್ಸಿನಲ್ಲಿ ಕಾಗದ ಕತ್ತರಿಸುವ ಯಂತ್ರ ನುಂಗಿಹಾಕಿತ್ತು. ಪರಿಹಾರದ ಕೇಸಿನಲ್ಲಿ ಅಪ್ಪ ಸಾಕ್ಷಿ ಹೇಳಲು ನಿಂತ ದಿನ, ನ್ಯಾಯಾಧೀಶರು ಕನ್ನಡಕ ತೆಗೆದು, ಈಗ ಹೇಗಿದ್ದೀರಿ ಎಂದು ಮೆತ್ತಗೆ ಕೇಳಿದರು. ಅಪ್ಪ, "ಪರವಾಗಿಲ್ಲ ಸ್ವಾಮಿ, ಎಡಗೈ ಇದೆಯಲ್ಲ, ನಡೀತದೆ" ಅಂದುಬಿಟ್ಟ. ಎದುರು ವಕೀಲನಿಗೆ ಅಷ್ಟೇ ಸಾಕಾಯಿತು. ಕೇಸು ಅಲ್ಲೇ ಮಕಾಡೆ ಮಲಗಿತು. ಅಮ್ಮ ಬಟ್ಟೆ ಕಾರ್ಖಾನೆಗೆ ಸೇರಿ, ಹೊಲಿದು ಹೊಲಿದು ಕಣ್ಣು ಕಳೆದುಕೊಂಡಳು. ಅಪ್ಪ ಒಂದೂವರೆ ಕೈಯಲ್ಲಿ ಜಡೆ ಹಾಕುವುದನ್ನು ಕಲಿತ. ಮಗಳು ಸೊಟ್ಟ ಜಡೆಯಲ್ಲೇ ಶಾಲೆ ಮುಗಿಸಿದಳು.

ಹುಡುಗಿ ಹೇಳಿದಂತೆಯೇ ಲಾಯರಾದಳು. ಅಪಘಾತದ ಕೇಸು ಬಿಟ್ಟರೆ ಬೇರೆ ಮುಟ್ಟಲಿಲ್ಲ. ಆಫೀಸು ಜೆರಾಕ್ಸ್ ಅಂಗಡಿಯ ಮೇಲಿತ್ತು. ಕಾಲು ಕಳೆದುಕೊಂಡವರು ಆ ಕಡಿದಾದ ಮೆಟ್ಟಿಲು ಹತ್ತುವುದು ಹೇಗೆ? ಅದಕ್ಕೆ ಅವಳೇ ಕೆಳಗಿಳಿದು, ಬೆಚ್ಚಗೆ ಗುಂಯ್‌ಗುಡುವ ಯಂತ್ರದ ಪಕ್ಕ ಸ್ಟೂಲು ಹಾಕಿಕೊಂಡು ಕೂರುತ್ತಿದ್ದಳು. ಸಾಕ್ಷಿಗೆ ಮುಂಚೆ ಪ್ರತಿಯೊಬ್ಬರಿಗೂ ಅಲ್ಲೇ ಪಾಠ. ಕಕ್ಷಿದಾರರು ಬೀದಿಯಿಂದ ಒಳಗೆ ಬರಬೇಕು, ಅವಳು ಹೇಗಿದ್ದೀರಿ ಎಂದು ಕೇಳುತ್ತಾಳೆ. ಚೆನ್ನಾಗಿದ್ದೀನಿ ಅಂದವರು ಮತ್ತೆ ಹೊರಗೆ ಹೋಗಿ ಬರಬೇಕು. ಆಶ್ಚರ್ಯವೆಂದರೆ, ಸೊಂಟ ಮುರಿದವರೂ ಮೊದಲ ಸಲ ಹಾಗೆಯೇ ಅನ್ನುತ್ತಿದ್ದರು. ಬೆನ್ನುಮೂಳೆ ಜಖಂ ಆದ ಒಬ್ಬ ಅಜ್ಜಿಯಂತೂ ಒಳಗೂ ಹೊರಗೂ ಓಡಾಡಿ ಸುಸ್ತಾಗಿ, "ನಿನ್ನ ಪಾಠದಿಂದ್ಲೇ ನಂಗೆ ನೋವು ಜಾಸ್ತಿ ಆಯ್ತು, ಅದನ್ನೂ ಸೇರಿಸ್ಕೋ ತಾಯಿ" ಎಂದಿದ್ದಳು.

ಇಡೀ ದಿನ ಹೆಣಗಾಡುವ ನಿನಗೆ ಇದರಲ್ಲಿ ಸಿಗೋದೇನು ಎಂದು ಗಂಡ ಕೇಳಿದಾಗ ಅವಳು ಕ್ರೇನ್ ಚಾಲಕನ ಕಥೆ ಹೇಳುತ್ತಿದ್ದಳು. ಕೇಸು ಗೆದ್ದು, ಒಳ್ಳೆಯ ಕೃತಕ ಕಾಲು ಹಾಕಿಸಿಕೊಂಡ ಮೇಲೆ ಅವನು ಒಂದು ಮಧ್ಯಾಹ್ನ ಹೇಳದೆ ಕೇಳದೆ ಮಹಡಿ ಹತ್ತಿ ಬಂದಿದ್ದ, ಹತ್ತಬಲ್ಲೆ ಎಂದು ತೋರಿಸಲಿಕ್ಕೆಂದೇ. ಏದುಸಿರು ಬಿಡುತ್ತಾ, ಮೆಟ್ಟಿಲು ಸರಿಯಿಲ್ಲ, ನಿಮ್ಮ ಓನರ್ ಮೇಲೂ ಒಂದು ಕೇಸು ಜಡಿಯೋಣ ಎಂದು ನಕ್ಕಿದ್ದ. ಆ ನಗು ಅವಳನ್ನು ಬಹಳ ದಿನ ಸಾಕಿತು.

ಈ ಸಲ ಬಂದವನು ವಾಚ್ ರಿಪೇರಿಯವನು. ಬಸ್ಸು ಸ್ಕೂಟರಿಗೆ ಗುದ್ದಿ ಬಲ ಮಣಿಕಟ್ಟಿನ ನರ ಕೆಟ್ಟಿತ್ತು. ನೋಡುವವರಿಗೆ ಕೈ ನೆಟ್ಟಗೇ ಇದೆ. ಏನಾದರೂ ಹಿಡಿಯಲು ಹೋದರೆ ಮಾತ್ರ ಗಾಳಿಗೆ ಸಿಕ್ಕ ಎಲೆ. ಹೆಂಡತಿ ತೀರಿಕೊಂಡವನು, ಕಾಲೇಜಿಗೆ ಹೋಗುವ ಒಬ್ಬಳೇ ಮಗಳು. ಪರಿಹಾರ ಬಾರದಿದ್ದರೆ ಮೊದಲು ಅಂಗಡಿಗೆ ಬೀಗ, ಆಮೇಲೆ ಅವಳ ಓದಿಗೆ. ಮೂರನೆಯ ಸಲ ಒಳಗೆ ಬರುವಷ್ಟರಲ್ಲಿ ಅವನು ಪಾಠ ಕಲಿತಿದ್ದ. ಈ ಕೈ ಇನ್ನು ಕೆಲಸಕ್ಕೆ ಬರುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದ. ಆಮೇಲೆ ಕೇಳಿಕೊಂಡದ್ದು ಒಂದೇ: "ಮಗಳು ಕೋರ್ಟಿಗೆ ಬರಬಾರ್ದು ಮೇಡಂ. ವಾಸಿಯಾಗುತ್ತೆ, ಅಂಗಡಿ ಬೋರ್ಡಿನ ಮೇಲೆ ನಿನ್ನ ಹೆಸರೂ ಬರೆಸ್ತೀನಿ ಅಂತ ಅವಳಿಗೆ ಹೇಳಿದೀನಿ."

ಬರುವುದಿಲ್ಲ ಬಿಡಿ ಎಂದು ಅವಳು ಧೈರ್ಯ ಹೇಳಿ ಕಳಿಸಿದಳು.

ಅಂದು ಸಂಜೆ ಊಟಕ್ಕೆ ಕೂತಾಗ ಅಪ್ಪನಿಗೆ ಇದನ್ನೇ ಹೇಳಿದಳು. ಅಪ್ಪ ತಟ್ಟೆಯತ್ತ ನೋಡುತ್ತಲೇ, "ಸರಿಯಾಗೇ ಹೇಳಿದಾನೆ. ಆವತ್ತು ನೀನು ಬೆಂಚಿನ ಮೇಲೆ ಕೂತಿರದಿದ್ರೆ ನಾನೂ ಎಲ್ಲಾ ಹೇಳ್ತಿದ್ದೆ" ಅಂದ.

ಅವಳ ಕೈಯಲ್ಲಿನ ತುತ್ತು ಕೈಯಲ್ಲೇ ಉಳಿಯಿತು. ಇಷ್ಟು ವರ್ಷ ಅಪ್ಪನನ್ನು ಬಾಯಿಲ್ಲದ ಬಡಪಾಯಿ ಎಂದುಕೊಂಡಿದ್ದಳು. ಆ ಬಡಪಾಯಿತನದ ಮೇಲೆಯೇ ತನ್ನ ಕಸುಬನ್ನೆಲ್ಲಾ ಕಟ್ಟಿದ್ದಳು.

"ಇಷ್ಟು ದಿನ ಯಾಕೆ ಹೇಳಲಿಲ್ಲ?"

"ನೀನು ಲಾಯರಾಗೋ ಹುಮ್ಮಸ್ಸಲ್ಲಿದ್ದೆ. ತಣ್ಣೀರೆರಚೋದು ಯಾಕೆ ಅಂತ." ತಟ್ಟೆ ಪಕ್ಕಕ್ಕೆ ಸರಿಸಿ ಮತ್ತೆ ಹೇಳಿದ: "ಸೋತೆ, ನಿಜ. ನಿಮ್ಮಮ್ಮ ಅದಕ್ಕೆ ಬೆಲೆ ತೆತ್ತಳು, ಅದೂ ನಿಜ. ಆದ್ರೆ ನೀನು ಆವತ್ತು ಮೆಟ್ಟಿಲ ಮೇಲೆ ನನ್ನ ಕೈ ಹಿಡ್ಕೊಂಡು ಕುಣೀತಾ ಇಳಿದೆಯಲ್ಲ ಕಣೇ, ಅದು ನಂಗೆ ಬೇಕಿತ್ತು."

ವಿಚಾರಣೆಯ ದಿನ ಎಲ್ಲವೂ ನೆಟ್ಟಗೆ ನಡೆಯಿತು, ವಿಮಾ ಕಂಪನಿಯ ವಕೀಲ ಏಳುವವರೆಗೆ. ಮಾತಿನ ಸವಿಗೆ ಅವನಿಗೆ ಸಕ್ಕರೆ ವಕೀಲ ಎಂದೇ ಹೆಸರು. ಈಗ ಕೈ ಹೇಗಿದೆ ಯಜಮಾನರೇ ಎಂದು ನೆಂಟರನ್ನು ವಿಚಾರಿಸುವ ಹಾಗೆ ಕೇಳಿದ. ವಾಚ್ ರಿಪೇರಿಯವನು ಬಾಯಿ ತೆರೆದ. ಕಣ್ಣು ಹಿಂದಿನ ಬಾಗಿಲಿಗೆ ಹೋಯಿತು.

"ಪರವಾಗಿಲ್ಲ," ಅಂದ. "ವಾಸಿ ಆಗ್ತಿದೆ. ಇನ್ನು ಸ್ವಲ್ಪ ದಿನಕ್ಕೆ ಅಂಗಡಿ ತೆಗೀಬಹುದು."

ಅವಳು ತಿರುಗಿ ನೋಡಿದಳು. ಕೊನೆಯ ಬೆಂಚಿನಲ್ಲಿ ಕಾಲೇಜಿನ ಚೀಲ ತೊಡೆಯ ಮೇಲಿಟ್ಟುಕೊಂಡು ಅವನ ಮಗಳು ಕೂತಿದ್ದಳು. ಅಪ್ಪನ ಮಾತಿಗೆ ಅವಳ ಮುಖ ಅರಳಿತ್ತು. ಸಕ್ಕರೆ ವಕೀಲ ಇನ್ನೇನೂ ಕೇಳುವುದಿಲ್ಲ ಎಂದು ಕೂತುಬಿಟ್ಟ.

ಮರುಪ್ರಶ್ನೆಗೆ ಅವಳಿಗೆ ಅವಕಾಶವಿತ್ತು. ಹುಡುಗಿಯನ್ನು ಹೊರಗೆ ಕಳಿಸಿ ಎಂದು ಕೇಳಬಹುದಿತ್ತು. ಕಳಿಸಿದರೆ, ಯಾಕೆ ಕಳಿಸಿದರೆಂದು ಅವಳು ತಿಳಿಯದಷ್ಟು ಚಿಕ್ಕವಳೇ? ಸುಮ್ಮನೆ ಕೂರಬಹುದಿತ್ತು. ಅಪ್ಪ ಮಗಳು ಇವತ್ತು ಕೈ ಹಿಡಿದು ಮೆಟ್ಟಿಲಿಳಿಯುತ್ತಾರೆ, ನಾಳೆ ಆ ಹುಡುಗಿ ಕಾರ್ಖಾನೆಯ ಬಾಗಿಲಲ್ಲಿ ನಿಲ್ಲುತ್ತಾಳೆ. ಅಮ್ಮನ ಕಣ್ಣು ನೆನಪಾಯಿತು. ನ್ಯಾಯಾಧೀಶರು ಮುಗಿಯಿತೇ ಎಂಬಂತೆ ನೋಡಿದರು.

ಅವಳು ಎದ್ದು ತನ್ನ ಕೈಗಡಿಯಾರ ಬಿಚ್ಚಿ ಕಟಕಟೆಯತ್ತ ಚಾಚಿದಳು. "ಇದು ನಿಂತುಹೋಗಿದೆ. ಒಂದ್ಸಲ ತೆಗೆದು ನೋಡ್ತೀರಾ?"

ಕಸುಬಿನ ಕೈ, ಯೋಚಿಸುವ ಮೊದಲೇ ಮುಂದೆ ಬಂತು. ಗಡಿಯಾರವನ್ನು ಕಿವಿಯ ಹತ್ತಿರ ಒಯ್ದ. ಬೆರಳುಗಳು ನಡುಗತೊಡಗಿದವು. ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡರೂ ನಡುಕ ಮೊಣಕೈವರೆಗೆ ಏರಿತು. ಗಡಿಯಾರ ಜಾರಿ ಕಲ್ಲಿನ ನೆಲಕ್ಕೆ ಬಿತ್ತು. ಆ ಸದ್ದಿಗೆ ಹಿಂದಿನ ಬೆಂಚು ಕಿರ್ ಎಂದಿತು. ಅವಳು ತಿರುಗಿ ನೋಡಲಿಲ್ಲ.

"ಈಗ ಹೇಳಿ. ಈ ಕೈ ವಾಸಿ ಆಗುತ್ತಾ?"

"ಇಲ್ಲ," ಅಂದ ಅವನು. ನ್ಯಾಯಾಧೀಶರು ಬರೆಸಿಕೊಂಡರು.

ಹೊರಗೆ ಬಂದಾಗ ಸಕ್ಕರೆ ವಕೀಲನೇ ಹತ್ತಿರ ಬಂದು, ಎಳೆದಾಡೋದು ಬೇಡ, ಒಪ್ಪಂದ ಮಾಡಿಕೊಳ್ಳೋಕೆ ಕಂಪನಿಯವರಿಗೆ ಹೇಳ್ತೀನಿ, ನೀವು ಕೇಳಿದಷ್ಟು ಕೊಡ್ತಾರೆ ಅಂದ. ಅವನ ದನಿಯಲ್ಲಿ ಅಂದು ಸಕ್ಕರೆ ಇರಲಿಲ್ಲ. ಅವಳು ಅದನ್ನು ಹೇಳಲೆಂದು ವಾಚ್ ರಿಪೇರಿಯವನ ಬಳಿ ಹೋದಳು. ಮಗಳ ಓದಿಗೆ ಇನ್ನು ತೊಂದರೆಯಿಲ್ಲ ಎಂದಳು. ಅವನು ತಲೆದೂಗಿ, ಕೈ ಮುಗಿಯಲು ಹೋಗಿ, ಆಗದೆ ಜೇಬಿಗೆ ಸೇರಿಸಿಕೊಂಡ.

"ನಿಮ್ಮ ವಾಚು ಓಡ್ತಾ ಇತ್ತು ಮೇಡಂ. ಕಿವಿ ಹತ್ರ ಹಿಡಿದಾಗ್ಲೇ ಕೇಳಿಸ್ತು." ಅವಳ ಖಾಲಿ ಮಣಿಕಟ್ಟಿನತ್ತ ನೋಡಿದ. "ಈಗ ನಿಂತಿರುತ್ತೆ. ಅಷ್ಟು ಎತ್ತರದಿಂದ ಬಿದ್ರೆ ಒಳಗಡೆ ಸಣ್ಣದೊಂದು ಕಡ್ಡಿ ಮುರಿಯುತ್ತೆ. ಮುಂಚೆ ಆಗಿದ್ರೆ ನಾನೇ ಹಾಕಿಕೊಡ್ತಿದ್ದೆ."

ಅವಳು ಚೀಲದಿಂದ ಗಡಿಯಾರ ತೆಗೆದು ನೋಡಿದಳು. ನಿಜ, ನಿಂತಿತ್ತು.

ಅವನು ಮೆಟ್ಟಿಲಿಳಿದ. ಮಗಳು ಚೀಲವನ್ನು ಎದೆಗವಚಿಕೊಂಡು ಆಗಲೇ ಬೀದಿ ತಲುಪಿದ್ದಳು. ಹಿಂದೆ ತಿರುಗಿ ನೋಡದೆ, ಅಪ್ಪ ಬರಲೆಂದು ನಿಂತಿದ್ದಳು. ಅವನು ಹತ್ತಿರ ಬರುತ್ತಲೇ ಮತ್ತೆ ಮುಂದೆ ನಡೆದಳು.

ಮನೆಯಲ್ಲಿ ಅಪ್ಪ ಬಾಗಿಲು ತೆಗೆದು ಗಡಿಯಾರವಿಲ್ಲದ ಅವಳ ಕೈ ನೋಡಿದ. ಅವನ ಮಗಳು ಬಂದಿದ್ದಳಾ ಎಂದು ಕೇಳಿದ. ಬಂದಿದ್ದಳು ಅಂದಳು. ಅಪ್ಪ ಒಳಗೆ ಹೋಗಿ, ಎಡಗೈಯಲ್ಲಿ ಅವಳಿಗೊಂದು ಲೋಟ ನೀರು ತಂದುಕೊಟ್ಟ.

ಹನ್ನೊಂದು ವರ್ಷದವಳಾಗಿದ್ದಾಗ ಕೊಟ್ಟ ಮಾತನ್ನು ಅವಳು ಉಳಿಸಿಕೊಂಡಿದ್ದಳು.