ನಡುಹೊಳೆಯಲ್ಲಿ ನಿಂತ ದೋಣಿ

ಒಂದಾನೊಂದು ಕಾಲದಲ್ಲಿ, ಆಚೆ ದಡ ಕಣ್ಣಿಗೆ ಕಾಣದಷ್ಟು ಅಗಲವಾದ ಒಂದು ಹೊಳೆಯಿತ್ತು. ಈಚೆ ದಡದಲ್ಲಿ ಒಬ್ಬ ಕುಂಬಾರನ ಮಗಳಿದ್ದಳು. ಆಚೆ ದಡದಲ್ಲಿ ಅವಳ ಅಕ್ಕನ ಮನೆ. ಅಕ್ಕನ ಮನೆಯ ಒಲೆಯಲ್ಲಿ ಬೆಂಕಿ ಆರಿಹೋಗಿದೆ ಎಂಬ ಸುದ್ದಿ ಬಂದಾಗ ಹುಡುಗಿ ಮಣ್ಣಿನ ಹಣತೆಯೊಂದನ್ನು ಹಚ್ಚಿಕೊಂಡು, ಗಾಳಿಗೆ ಅಂಗೈ ಮರೆ ಮಾಡಿಕೊಂಡು ದೋಣಿ ಹತ್ತಿದಳು. ದೋಣಿ ನಡುಹೊಳೆಗೆ ಬಂತು. ಅಂಬಿಗ ಹುಟ್ಟನ್ನು ನೀರಿನಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡ. "ನೀನು ಏನನ್ನು ಬಿಟ್ಟು ಬಂದೆ, ಹೇಳು. ಹೇಳಿದ ಮೇಲೇ ದೋಣಿ ಮುಂದೆ ಹೋಗುವುದು," ಎಂದ.

ಅಷ್ಟೆ. ಕಥೆ ಅಲ್ಲಿಗೆ ನಿಂತಿತು. ಕೆಳಗೆ ಪ್ರಶ್ನೆ ಬಂತು: ಈ ಹುಡುಗಿಗೆ ಒಪ್ಪುವ ಪದ ಯಾವುದು? ಧೈರ್ಯಶಾಲಿ, ಸೋಮಾರಿ, ಸಿಡುಕಿ, ಜಿಪುಣಿ.

ಒಂಬತ್ತು ವರ್ಷದ ಝೋಯಾ 'ಧೈರ್ಯಶಾಲಿ'ಯನ್ನು ಒತ್ತಿದಳು. ಉತ್ತರ ಸರಿಯಾಗಿತ್ತು. ಸರಿಯಾದದ್ದರಿಂದ ಕಂಪ್ಯೂಟರ್ ಅವಳಿಗೆ ಇನ್ನೂ ಕಷ್ಟದ ಪಾಠವನ್ನು, ತಿಮಿಂಗಿಲಗಳ ಉಸಿರಾಟದ ಬಗೆಗಿನದನ್ನು, ತಂದುಕೊಟ್ಟಿತು. ಕುಂಬಾರನ ಮಗಳು ಹೊಳೆಯ ನಡುವೆಯೇ ಉಳಿದಳು.

ಕಡಲಾಚೆಯ ಈ ಪೆಟಾಲಿಂಗ್ ಜಯಾ ನಗರದಲ್ಲಿ ನಾನು ಪಾಠ ಹೇಳುವ ಶಾಲೆ ಒಂದು ಪ್ರತಿಷ್ಠಾನದ್ದು. ಏನು ಕಲಿಸಬೇಕು, ಹೇಗೆ ಕಲಿಸಬೇಕು ಎಂಬುದರಲ್ಲಿ ನಮಗೆ ಸ್ವಾತಂತ್ರ್ಯವಿದೆ. ಅದಕ್ಕೆ ಬದಲಾಗಿ ಪ್ರತಿ ಮಗು ಎಷ್ಟು ಬೆಳೆಯಿತೆಂದು ತೋರಿಸಿಕೊಡಬೇಕು. ಎಷ್ಟು ಅಂಕ ಎಂಬುದು ಮುಖ್ಯವಲ್ಲ. ಹೋದ ಸಲಕ್ಕಿಂತ ಎಷ್ಟು ಮೇಲೆ ಬಂತು ಎಂಬುದೇ ಮುಖ್ಯ. ವರ್ಷದ ಆರಂಭದಲ್ಲೊಮ್ಮೆ, ನಡುವಿನಲ್ಲೊಮ್ಮೆ, ಕೊನೆಯಲ್ಲೊಮ್ಮೆ ಮಕ್ಕಳು ಹೆಡ್‌ಫೋನ್ ಹಾಕಿಕೊಂಡು ಕೂರುತ್ತಾರೆ. ಸರಿ ಉತ್ತರ ಕೊಟ್ಟರೆ ಮುಂದಿನದು ಕಷ್ಟ, ತಪ್ಪಾದರೆ ಮುಂದಿನದು ಸುಲಭ. ಹೀಗೆ ಹತ್ತಿ ಇಳಿದು ಎಲ್ಲಿ ನಿಲ್ಲುತ್ತಾರೋ ಅದು ಆ ಮಗುವಿನ ಎತ್ತರ. ಬೇಸಿಗೆ ರಜೆಯಲ್ಲಿ ಮನೆಯ ಗೋಡೆಗೆ ಬೆನ್ನು ತಾಗಿಸಿ ನಿಲ್ಲಿಸಿ ಪೆನ್ಸಿಲಿನಿಂದ ಗೆರೆ ಎಳೆಯುತ್ತಿದ್ದರಲ್ಲ, ಹಾಗೆ.

ನಡುವರ್ಷದ ಗೆರೆ ಝೋಯಾಳ ತಲೆಗಿಂತ ಕೆಳಗೆ ಬಿತ್ತು.

"ಧೃತಿ, ನಿಮ್ಮ ಝೋಯಾ ಬೆಳೀತಿಲ್ಲಮ್ಮ, ಕರಗ್ತಿದಾಳೆ," ಎಂದರು ಪ್ರಶಾಂತ. ಬೆಂಗಳೂರಿನವರಾದರೂ ಮಾತಿನ ಕೊನೆಗೆ ಇಲ್ಲಿಯವರ 'ಲಾ' ಹತ್ತಿಸಿಕೊಂಡವರು; ಈ ಅಳತೆಗಳ ಉಸ್ತುವಾರಿ ಅವರದು. ಪರದೆಯ ಮೇಲೆ ಎಲ್ಲ ಮಕ್ಕಳ ಗೆರೆಗಳೂ ಮೆಟ್ಟಿಲು ಹತ್ತುತ್ತಿದ್ದವು. ಒಂದು ಮಾತ್ರ ಜಾರುಬಂಡೆಯಲ್ಲಿ ಕೂತಂತಿತ್ತು.

"ಅವಳು ಚೆನ್ನಾಗಿ ಓದ್ತಾಳೆ ಪ್ರಶಾಂತ್, ನಾನು ದಿನಾ ನೋಡ್ತೀನಲ್ಲ."

"ಚೆನ್ನಾಗಿ ಓದೋದು ಬೇರೆ, ಬೆಳೆಯೋದು ಬೇರೆ ಲಾ. ನೀವು ಒಳ್ಳೆ ಕನಸುಗಾರ್ತಿ, ನಿಮಗೆ ಎಲ್ಲ ಮಕ್ಕಳೂ ಮೋಡದಷ್ಟು ಎತ್ತರ ಕಾಣ್ತಾರೆ. ಗುರುವಾರ ಇನ್ನೊಂದು ಸಲ ಕೂರಿಸೋಣ. ಅದರಲ್ಲೂ ಹೀಗೇ ಆದ್ರೆ ಕೆಳಗಿನ ಕ್ಲಾಸಿಗೆ ಹೋಗ್ಬೇಕಾಗುತ್ತೆ. ನನ್ನ ಕೈಲಿಲ್ಲ."

ಕೆಳಗಿನ ತರಗತಿ ಎಂದರೆ ರಸ್ತೆಯಾಚೆಯ ಕಟ್ಟಡ. ಝೋಯಾಳಿಗೆ ಇರುವ ಒಬ್ಬಳೇ ಗೆಳತಿ ಅನನ್ಯ ಈಚೆ ಉಳಿಯುತ್ತಾಳೆ. ಸುದ್ದಿ ತಿಳಿದ ದಿನ ಝೋಯಾಳ ತಾಯಿ ಹಫ್ಸಾ ಫೋನ್ ಮಾಡಿದ್ದರು. "ಏನ್ ಮಾಡೂದ್ರೀ ಟೀಚರ್, ಆಕಿ ಮೊದ್ಲೇ ಒಂಟಿ ಆಗ್ಯಾಳ. ನಮ್ಮತ್ತಿ ಇಲ್ಲೇ ನಮ್ಮ ಕೂಡ ಇದ್ರು. ಮದಿವಿಗಂತ ಧಾರವಾಡಕ್ಕ ಹ್ವಾದ್ರು, ಅಲ್ಲೇ ಸ್ಟ್ರೋಕ್ ಆತು. ಈಗ ಬಾಯಿಂದ ಮಾತೇ ಹೊಂಡಂಗಿಲ್ಲ. ಈಕಿಗೆ ಕನ್ನಡ ತಿಳೀತದ, ಆದ್ರ ಮಾತಾಡಾಕ ಬರಂಗಿಲ್ಲ. ವಿಡಿಯೋ ಕಾಲ್ ಹಚ್ಚಿದ್ರ ಅವ್ರೂ ಸುಮ್ನ, ಈಕಿನೂ ಸುಮ್ನ. ಒಬ್ರ ಮಾರಿ ಒಬ್ರು ನೋಡ್ಕೋತ ಕುಂದರ್ತಾರ."

ಶಾಲೆ ಬಿಟ್ಟ ಮೇಲೆ ಝೋಯಾ ಗೇಟಿನ ಪಕ್ಕದ ಕಟ್ಟೆಯ ಮೇಲೆ ವ್ಯಾನಿಗೆ ಕಾಯುತ್ತ ಕೂತಿದ್ದಳು. ಹೆದ್ದಾರಿಯ ಸದ್ದು ಮಳೆಯ ಹಾಗೆ ಸುರಿಯುತ್ತಿತ್ತು. ನಾನು ಪಕ್ಕದಲ್ಲಿ ಕೂತೆ.

"ತಿಮಿಂಗಿಲದ ಪಾಠ ಓದಿದವಳಿಗೆ 'ಬೆಕ್ಕು ಚಾಪೆಯ ಮೇಲೆ ಕೂತಿದೆ' ತಪ್ಪಾಗುತ್ತಾ ಝೋಯಾ?"

ಅವಳು ಶೂ ತುದಿಯಿಂದ ನೆಲ ಕೆರೆದಳು. "ಐ ವಾಸ್ ಗೋಯಿಂಗ್ ಬ್ಯಾಕ್, ಟೀಚರ್."

"ಎಲ್ಲಿಗೆ?"

"ಟು ದ ಬೋಟ್."

ಆಮೇಲೆ, ತನ್ನ ಇಂಗ್ಲಿಷಿನಲ್ಲಿ, ಬಿಡಿಬಿಡಿಯಾಗಿ, ಅವಳು ಹೇಳಿದ್ದು ಇಷ್ಟು. ಮೊದಲ ಪರೀಕ್ಷೆಯಲ್ಲಿ ಹೆಡ್‌ಫೋನಿನೊಳಗೆ ಒಬ್ಬ ಹೆಂಗಸು ಇಂಗ್ಲಿಷಿನಲ್ಲಿ ದೋಣಿಯ ಕಥೆ ಹೇಳುತ್ತಿದ್ದಳು. ಝೋಯಾ ಸರಿಯಾಗಿ ಕೇಳುತ್ತಿದ್ದಳು, "ಹೂಂ" ಅನ್ನುತ್ತಿದ್ದಳು. ಅಷ್ಟರಲ್ಲಿ ಪ್ರಶಾಂತ ಸರ್ ಬಂದು ತುಟಿಯ ಮೇಲೆ ಬೆರಳಿಟ್ಟು "ಶ್" ಅಂದರು. ಅವಳು ಸುಮ್ಮನಾದಳು. ಆ ಕ್ಷಣವೇ ಕಥೆ ನಿಂತುಹೋಯಿತು.

"ನಾನು ಹೂಂ ಅನ್ನೋದು ನಿಲ್ಲಿಸಿದ್ದಕ್ಕೆ ಆ ಆಂಟಿ ಕಥೆ ನಿಲ್ಲಿಸಿದ್ರು," ಎಂದು ಅವಳು ತೀರ್ಮಾನಿಸಿದ್ದಳು. ಆದ್ದರಿಂದ ಎರಡನೆಯ ಸಲ ಬೇಕೆಂದೇ ತಪ್ಪು ಒತ್ತುತ್ತ ಬಂದಿದ್ದಳು. ತಪ್ಪಾದರೆ ಕೆಳಗಿಳಿಯುತ್ತೇವೆ. ಕೆಳಗೆಲ್ಲೋ ಆ ಹೊಳೆ ಇರಲೇಬೇಕು. ಸಿಕ್ಕಿದರೆ ಈ ಸಲ ಕೊನೆಯವರೆಗೂ ಹೂಂಗುಡಬೇಕು, ಯಾರು ಶ್ ಅಂದರೂ. ಇಳಿದಳು, ಇಳಿದಳು. ಬೆಕ್ಕು ಬಂತು, ಚೆಂಡು ಬಂತು, ಸೇಬು ಬಂತು. ದೋಣಿ ಬರಲಿಲ್ಲ.

ನನಗೆ ನಗು ಬರಬೇಕಿತ್ತು. ಬರಲಿಲ್ಲ. ನನ್ನನ್ನು ಬೆಳೆಸಿದ್ದು ಮೈಸೂರಿನ ಅಜ್ಜಿ, ಭಾನುಮತಿ. ಅವಳ ಕಥೆಗಿದ್ದದ್ದು ಒಂದೇ ಕರಾರು: ಕೇಳುವವರು ಹೂಂಗುಡಬೇಕು. ಹೂಂ ನಿಂತರೆ ಮಗು ಮಲಗಿತೆಂದು ಅಜ್ಜಿಯೂ ನಿಲ್ಲಿಸಿ ಮಗ್ಗುಲಾಗುತ್ತಿದ್ದಳು. ಏಳು ಬಾಗಿಲಿನ ಕೋಟೆಯಲ್ಲಿ ಸಿಕ್ಕಿಕೊಂಡವನು ಬೆಳಗಿನವರೆಗೂ ಅಲ್ಲೇ ನಿಂತಿರಬೇಕಾಗುತ್ತಿತ್ತು. ಅಜ್ಜಿ ಹೋಗಿ ಎರಡು ಮಳೆಗಾಲ ಕಳೆದಿವೆ. ಈಗಲೂ ಎಲ್‌ಆರ್‌ಟಿ ರೈಲಿನ ಕಿಟಕಿಗೆ ಹಣೆಯಾನಿಸಿ ಕೂತಾಗ, ಸಾಲುಸಾಲು ಬಾಲ್ಕನಿಗಳು ಹಿಂದೆ ಸರಿಯುವಾಗ, ಯಾರೂ ಏನೂ ಹೇಳದಿದ್ದರೂ ನನ್ನ ಗಂಟಲು ತಾನಾಗಿ ಹೂಂ ಅನ್ನುತ್ತದೆ. ಪಕ್ಕದಲ್ಲಿ ಕೂತವರು ಒಮ್ಮೆ ತಿರುಗಿ ನೋಡಿ ಮತ್ತೆ ಫೋನಿಗೆ ಮರಳುತ್ತಾರೆ.

"ಹೂಂ ಅನ್ನೋದು ನಿಂಗೆ ಯಾರು ಕಲಿಸಿದ್ದು?"

"ದಾದಿಮಾ."

ದಾದಿಮಾ ಎಂದರೆ ಹಫ್ಸಾರ ಅತ್ತೆ, ಹಮೀದುನ್ನೀಸಾ. ಧಾರವಾಡದಲ್ಲಿ ಕನ್ನಡ ಶಾಲೆಯ ಟೀಚರಾಗಿದ್ದವರಂತೆ. ಮನೆಯಲ್ಲಿ ಉರ್ದು ಆಡಿದರೂ ಕಥೆ ಮಾತ್ರ ಕನ್ನಡದಲ್ಲೇ.

ಅಲ್ಲೇ ಕಟ್ಟೆಯ ಮೇಲೆ ನಾನು ಕಥೆ ಮುಗಿಸಲು ನೋಡಿದೆ. "ಆಮೇಲೆ ಅಂಬಿಗ ನಕ್ಕು, ತಮಾಷೆ ಮಾಡ್ದೆ ಮಗಳೇ ಅಂತ…"

"ನೋ." ಝೋಯಾ ತಲೆಯಾಡಿಸಿದಳು. "ಯೂ ಆರ್ ಮೇಕಿಂಗ್ ಇಟ್ ಅಪ್, ಟೀಚರ್. ಐ ವಾಂಟ್ ದ ರಿಯಲ್ ಒನ್."

ಮರುದಿನ ಪ್ರಶಾಂತರ ಮೇಜಿನ ಮುಂದೆ ನಿಂತೆ. ಪರೀಕ್ಷೆ ತಯಾರಿಸುವವರಿಗೆ ಬರೆದು ಕೇಳಿ ಎಂದೆ.

"ಏನಂತ? 'ಸ್ವಾಮಿ, ಹುಡುಗಿ ದಡ ಸೇರಿದಳಾ' ಅಂತಾನಾ?" ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ನಕ್ಕರು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದರು. "ನಾನು ಶ್ ಅಂದಿದ್ದಕ್ಕಾ?"

"ಅವಳು ಹಾಗಂದುಕೊಂಡಿದಾಳೆ."

ಬರೆದರು. ಉತ್ತರವೂ ಬಂತು. ಓದಿ ಹೇಳುವಾಗ ಅವರ ದನಿ ತಗ್ಗಿತ್ತು. "ಅದಕ್ಕೆ ಮುಂದೇನೂ ಇಲ್ವಂತೆ ಧೃತಿ. ಪರೀಕ್ಷೆಗೇ ಅಂತ ಬರೆಸಿದ ತುಂಡು. ಬೇಕಾದಷ್ಟು ಉದ್ದ ಆದ ಕೂಡ್ಲೇ ನಿಲ್ಲಿಸಿದಾರೆ. ಒಂದ್ಸಲ ಓದಿದ ಮಗುಗೆ ಮತ್ತೆ ಅದನ್ನ ಕೊಡೋದೂ ಇಲ್ವಂತೆ."

ಇದನ್ನು ಝೋಯಾಳಿಗೆ ಹೇಳುವುದು ಕಷ್ಟವಾಯಿತು. ಯಾರೂ ಬರೆದಿಲ್ಲ, ಎಷ್ಟು ಕೆಳಗಿಳಿದರೂ ಸಿಗುವುದಿಲ್ಲ ಎಂದಾಗ ಅವಳು ಅಳಲಿಲ್ಲ.

"ಸೋ ಶೀ ಈಸ್ ಜಸ್ಟ್ ದೇರ್? ಇನ್ ದ ವಾಟರ್?"

"ಹೂಂ."

"ದ ಲ್ಯಾಂಪ್ ವಿಲ್ ಗೋ ಔಟ್, ಟೀಚರ್."

ಅವಳ ದನಿಯಲ್ಲಿದ್ದ ಗಾಬರಿ ಕೇಳಿ ನನ್ನ ಬಾಯಿಂದ ಮಾತು ಹಾರಿತು. "ಗುರುವಾರ ನೀನು ಗೊತ್ತಿರೋದನ್ನೆಲ್ಲ ಸರಿಯಾಗಿ ಒತ್ತು. ಆಮೇಲೆ ಅವಳನ್ನ ಆಚೆ ದಡ ಮುಟ್ಟಿಸೋದು ನನ್ನ ಜವಾಬ್ದಾರಿ."

"ಪ್ರಾಮಿಸ್?"

"ಪ್ರಾಮಿಸ್."

ಅವಳು ಯೋಚಿಸಿದಳು. "ಟೆಲ್ ಇಟ್ ಟು ದಾದಿಮಾ. ಇಫ್ ಇಟ್ಸ್ ನಾಟ್ ರಿಯಲ್, ಶೀ ವಿಲ್ ನೋ."

ಗುರುವಾರ ಝೋಯಾ ಹೆಡ್‌ಫೋನ್ ಹಾಕಿಕೊಂಡು ಬೆನ್ನು ನೆಟ್ಟಗೆ ಮಾಡಿ ಕೂತಳು. ಸ್ವಲ್ಪ ಹೊತ್ತಾದ ಮೇಲೆ ಆ ಮೂಲೆಯಿಂದ ಸಣ್ಣಗೆ "ಹೂಂ" ಕೇಳಿಸಿತು. ಪ್ರಶಾಂತ ಅತ್ತ ಹೊರಟವರು ನಡುವೆಯೇ ನಿಂತು, ಛಾವಣಿಯ ಫ್ಯಾನನ್ನೇ ಪರೀಕ್ಷಿಸುವವರಂತೆ ಕತ್ತೆತ್ತಿ ನೋಡುತ್ತ ಹಿಂದಿರುಗಿದರು. ಸಂಜೆ ಪರದೆಯ ಮೇಲೆ ಅವಳ ಗೆರೆ ಮೇಲಕ್ಕೆ ತಿರುಗಿತ್ತು, ಮೊದಲ ಸಲಕ್ಕಿಂತಲೂ ಒಂದು ಮೆಟ್ಟಿಲು ಆಚೆಗೆ. ಕೆಳಗಿನ ತರಗತಿಯ ಮಾತು ಮುಗಿಯಿತು.

"ಬೆಳೆದ್ಲು ಬಿಡಿ," ಎಂದರು ಪ್ರಶಾಂತ. "ಇನ್ನು ನಿಮ್ಮ ಸರದಿ. ಮುಟ್ಟಿಸಿ ದಡ."

ಝೋಯಾಳ ಮುಖ ಮಾತ್ರ ಗಂಭೀರವಾಗಿತ್ತು. "ಟೀಚರ್, ನೌ ಎ ಗೋಟ್ ಈಸ್ ಸ್ಟಕ್ ಟೂ. ಆನ್ ಎ ರೂಫ್. ದಟ್ ಸ್ಟೋರಿ ಆಲ್ಸೋ ಡಿಡಂಟ್ ಫಿನಿಶ್."

"ಸರಿ. ಅದನ್ನೂ ಇಳಿಸೋಣ."

ಶನಿವಾರ ಮಧ್ಯಾಹ್ನ ಸುಬಾಂಗ್ ಜಯಾದ ಅವರ ಫ್ಲ್ಯಾಟಿಗೆ ಹೋದೆ. ಹಫ್ಸಾ ಕೆಳಗಿನ ಮಾಮಕ್ ಹೋಟೆಲಿನಿಂದ ಪರೋಟದಂಥ ರೊಟ್ಟಿ ಚನಾಯ್ 'ತಪಾವ್' ಮಾಡಿಸಿ, ಅಂದರೆ ಪೊಟ್ಟಣ ಕಟ್ಟಿಸಿ, ತಂದಿದ್ದರು. "ತಿನ್ರೀ ಮೊದ್ಲ, ಖಾಲಿ ಹೊಟ್ಟ್ಯಾಗ ಏನ್ ಕಥಿ ಹೇಳ್ತೀರಿ!" ಅಂದರು. ಝೋಯಾ ತಿನ್ನಲು ಬಿಡಲಿಲ್ಲ. ಟ್ಯಾಬ್ಲೆಟನ್ನು ದಿಂಬಿಗೆ ಒರಗಿಸಿ ಧಾರವಾಡಕ್ಕೆ ಕರೆ ಹಚ್ಚಿದಳು. ಯಾರೋ ಆಚೆ ಬದಿಯಲ್ಲಿ ಫೋನು ಹಿಡಿದು ನಿಲ್ಲಿಸಿದರು. ಬಿಳಿಯ ದುಪಟ್ಟಾ, ಒಂದು ಬದಿಗೆ ಇಳಿದ ತುಟಿ, ಇಳಿಯದೆ ಉಳಿದ ಎರಡು ಕಣ್ಣು. ಹಮೀದುನ್ನೀಸಾ ನನ್ನನ್ನು ನೋಡಿದರು, ಮೊಮ್ಮಗಳನ್ನು ನೋಡಿದರು, ಮತ್ತೆ ನನ್ನನ್ನು.

"ಅಜ್ಜಿ, ಒಂದು ಕಥೆ ಅರ್ಧಕ್ಕೆ ನಿಂತಿದೆ," ಎಂದೆ. ಆ ಪದ, ಅಜ್ಜಿ ಎಂಬುದು, ಎಷ್ಟು ದಿನಗಳ ಮೇಲೆ ಬಾಯಿಗೆ ಬಂದಿತ್ತೋ. ಕಥೆ ಶುರುಮಾಡಿದೆ. ಹೊಳೆ, ಕುಂಬಾರನ ಮಗಳು, ಆರಿದ ಒಲೆ, ಹಣತೆ. ಪ್ರತಿ ಮಾತಿಗೂ ಝೋಯಾ ಹೂಂ ಅನ್ನುತ್ತಿದ್ದಳು. ದೋಣಿ ನಡುಹೊಳೆಗೆ ಬಂತು. ಅಂಬಿಗ ಹುಟ್ಟನ್ನೆತ್ತಿ ಕೇಳಿದ: ಏನನ್ನು ಬಿಟ್ಟು ಬಂದೆ?

ನಾನು ರಾತ್ರಿಯೆಲ್ಲ ಯೋಚಿಸಿ ಒಂದು ಉತ್ತರ ಕಟ್ಟಿಕೊಂಡು ಬಂದಿದ್ದೆ. ಅದು ಬಾಯಿಗೆ ಬರಲಿಲ್ಲ. ಬಂದದ್ದೆಲ್ಲ ನನ್ನದೇ: ಮೈಸೂರಿನ ಮನೆಯ ಹಜಾರ, ಕತ್ತಲಲ್ಲಿ ಅಜ್ಜಿಯ ಬಳೆಯ ಸದ್ದು, ಕಡೆಯ ಸಲ ಫೋನಿನಲ್ಲಿ ಅವಳು ಏನೋ ಹೇಳಲು ಹೊರಟು, ಬಿಡು, ಬಂದಾಗ ಹೇಳ್ತೀನಿ ಎಂದದ್ದು. ಕುಂಬಾರನ ಮಗಳಿಗೆ ಅವು ಯಾವುವೂ ಒಪ್ಪುವುದಿಲ್ಲ. ಕಥೆ ಮತ್ತೆ ಅಲ್ಲೇ ನಿಂತಿತು. ಝೋಯಾಳ ಹೂಂ ಕೂಡ ನಿಂತಿತು. ಪರದೆಯಲ್ಲಿ ಆ ಎರಡು ಕಣ್ಣುಗಳು ಕಾಯುತ್ತಿದ್ದವು.

"ಆಕಿ…" ಎಂದಳು ಝೋಯಾ.

ಹಫ್ಸಾ ಅಡುಗೆಮನೆಯ ಬಾಗಿಲಲ್ಲಿ ಚಮಚ ಹಿಡಿದು ನಿಂತುಬಿಟ್ಟರು. ಮಗು ಕನ್ನಡದಲ್ಲಿ ಮಾತಾಡುತ್ತಿತ್ತು, ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತ ಹೊಳೆ ದಾಟುವವರ ಹಾಗೆ.

"ಆಕಿ ಹೇಳಿದ್ಲು… ನಾ… ನಮ್ಮ ದಾದಿಮಾಗ… ಹೂಂ ಅನ್ನೂದು… ಬಿಟ್ಟು ಬಂದೀನಿ."

ಆಮೇಲೆ ಧಾರವಾಡದಿಂದ, ತುಟಿಯ ನೆರವಿಲ್ಲದೆ, ಎದೆಯ ಆಳದಿಂದ, ಒರಟಾಗಿ ಬಂತು:

"ಹೂಂ."

ಝೋಯಾ ಟ್ಯಾಬ್ಲೆಟಿನ ಹತ್ತಿರಕ್ಕೆ ಜರುಗಿದಳು. "ಅಂಬಿಗ ಹುಟ್ಟು… ನೀರಾಗ ಹಾಕಿದ."

"ಹೂಂ."

"ದೋಣಿ ಹೊಂಟ್ತು. ಆಚಿ ಕಡಿ ಒಂದು ಮನಿ. ಮನಿ ಮ್ಯಾಲ ಮೇಕಿ."

ಆ ಇಳಿದ ತುಟಿಯ ತುದಿ ಅಲುಗಿತು. "ಹೂಂ."

"ಮೇಕಿ ಕೆಳಗ ನೋಡ್ತು. ದೀಪ ಕಾಣ್ತು. ಮೇಕಿ ಒದರ್ತು, ಬ್ಯಾ… ಅಕ್ಕ ಹೊರಗ ಬಂದ್ಲು." ಅವಳು ಪದ ಸಿಗದೆ ನನ್ನತ್ತ ತಿರುಗಿದಳು. "ಟೀಚರ್, ರೀಚ್ಡ್?"

"ಮುಟ್ಟಿತು," ಎಂದೆ.

"ದೋಣಿ ದಡಾ ಮುಟ್ತು," ಎಂದಳು ಝೋಯಾ. "ದೀಪ ಆರಿಲ್ಲ."

"ಹೂಂ," ಎಂದರು ಹಮೀದುನ್ನೀಸಾ. ಹೂಂ, ಎಂದೆ ನಾನೂ.