ಚಿಕ್ಕಪ್ಪನ ಹೊಲ ಮೆಚ್ಚಿದ ಎಮ್ಮೆ

ನಮ್ಮ ಚಿಕ್ಕಪ್ಪ ಹಿಡಿದ ಮೊಲಕ್ಕೆ ಮೂರೇ ಕಾಲು. ಕಾಲುವೆಯಲ್ಲಿ ನೀರು ಕಂಡರೆ ಸಾಕು, ಬೆಳೆ ಕೇಳಲಿ ಬಿಡಲಿ, ಹೊಲವನ್ನು ಕೆರೆ ಮಾಡಿಬಿಡುತ್ತಿದ್ದರು. ಕೊನೆಗೆ ಆ ನೀರೇ ಅಡಿಯಲ್ಲಿದ್ದ ಉಪ್ಪನ್ನು ಮೇಲಕ್ಕೆ ತಂದು, ಹೊಲವೆಲ್ಲ ಸುಣ್ಣ ಬಳಿದಂತೆ ಬೆಳ್ಳಗಾಯಿತು.

"ನೀರು ನಿಲ್ಲಿಸಿ, ಇರೋ ನೀರು ಬಸಿದು ಹಳ್ಳಕ್ಕೆ ಹೋಗೋಕೆ ಒಂದು ಕಾಲುವೆ ತೋಡಿ," ಎಂದರು ಮಣ್ಣು ಪರೀಕ್ಷೆಯವರು.

"ಉಪ್ಪು ನೀರಲ್ಲಿ ಕರಗುತ್ತೆ ಅನ್ನೋದು ಮಗೂಗೂ ಗೊತ್ತು!" ಎಂದು ಚಿಕ್ಕಪ್ಪ ಇನ್ನಷ್ಟು ನೀರು ಬಿಟ್ಟರು. ಉಪ್ಪು ಇನ್ನಷ್ಟು ಮೇಲೆದ್ದಿತು. ಒಂದು ಕಾಳೂ ಮೊಳೆಯಲಿಲ್ಲ. ಬದಲಿಗೆ ಊರಿನ ದನಗಳೆಲ್ಲ ಬಂದು ಹೊಲವನ್ನು ತಟ್ಟೆಯಂತೆ ನೆಕ್ಕತೊಡಗಿದವು.

ಅವನ್ನು ಅಟ್ಟಿ ಅಟ್ಟಿ ಬೆವೆತ ಚಿಕ್ಕಪ್ಪ ಬದುವಿನ ಮೇಲೆ ಕುಸಿದು ಕೂತರು. ಹಿಂದಿನಿಂದ ಪಕ್ಕದ ಮನೆಯ ಎಮ್ಮೆ ಬಂದು ಅವರ ಬೋಳುತಲೆಯನ್ನು ಒಮ್ಮೆ ನೆಕ್ಕಿತು. ರುಚಿ ಹಿಡಿಸಿ ಮತ್ತೊಮ್ಮೆ ನೆಕ್ಕಿತು.

"ಅಯ್ಯೋ, ಓಡಿಸೇ ಇದನ್ನ!"

"ಯಾಕೆ ಓಡಿಸ್ಲಿ?" ಎಂದರು ಊಟ ತಂದಿದ್ದ ಚಿಕ್ಕಮ್ಮ. "ಈ ವರ್ಷ ನಿಮ್ಮ ಬೇಸಾಯ ಮೆಚ್ಚಿರೋದು ಅದೊಂದೇ."

ಮರುದಿನ ಚಿಕ್ಕಪ್ಪ ತೆಪ್ಪಗೆ ಗುದ್ದಲಿ ಹಿಡಿದು ಕಾಲುವೆ ತೋಡಲು ನಿಂತರು. ದಣಿದು ಒಂದು ಗಳಿಗೆ ಕೈ ನಿಲ್ಲಿಸಿದರೆ ಸಾಕು, ಬೆವರಿದ ಬೆನ್ನಿನ ಮೇಲೆ ಆ ನಾಲಿಗೆ ಬೀಳುತ್ತಿತ್ತು. ಅವರು ಜನ್ಮದಲ್ಲೇ ಅಷ್ಟು ಚುರುಕಾಗಿ ಅಗೆದಿರಲಿಲ್ಲ.

ಸಂಜೆ ಎಮ್ಮೆಯನ್ನು ಹೊಡೆದುಕೊಂಡು ಹೋಗಲು ಪಕ್ಕದ ಮನೆಯಾಕೆ ಬಂದಾಗ ಚಿಕ್ಕಮ್ಮ ಅಡ್ಡ ನಿಂತು ಕೈ ಮುಗಿದರು.

"ಅಕ್ಕ, ಕಾಲುವೆ ಹಳ್ಳ ಮುಟ್ಟೋವರೆಗೂ ಇದು ಇಲ್ಲೇ ಇರ್ಲಿ. ಮೇವು ನಂದು."